ಮೀಥೇನ್ ಮಾಡುವ ನಿಕಲ್, ಅದನ್ನು ಕೆಡಿಸುವ ಬಿಸಿ

ಇಂಗಾಲದ ಡೈಆಕ್ಸೈಡ್ ಬಲು ಸ್ಥಿರವಾದ ಅಣು. ಒಂದು ಪಾಲು ಅದಕ್ಕೆ ನಾಲ್ಕು ಪಾಲು ಹೈಡ್ರೋಜನ್ ಬೆರೆಸಿ ಕಾಯಿಸಿದ ಮಾತ್ರಕ್ಕೆ ಮೀಥೇನ್ ಆಗುವುದಿಲ್ಲ, ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಬೇಕೇ ಬೇಕು. 1902ರಲ್ಲಿ ಫ್ರಾನ್ಸಿನ ಪಾಲ್ ಸಬಾಟಿಯೆ ಮತ್ತು ಸೆಂಡರೆನ್ಸ್ ನಿಕಲ್ ಬಳಸಿ ಇದನ್ನು ಸಾಧಿಸಿದರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ನಿಕಲ್ಲೇ. ರುಥೇನಿಯಂ ಇನ್ನೂ ಕಡಿಮೆ ಉಷ್ಣತೆಯಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ, ಆದರೆ ಬಲು ದುಬಾರಿ.

ಶೇ. 20ರಷ್ಟು ನಿಕಲ್ ಇರುವ 10 ಗ್ರಾಂ ವೇಗವರ್ಧಕಕ್ಕೆ 8 ಗ್ರಾಂ ಗಾಮಾ ಅಲ್ಯೂಮಿನಾ (ರಂಧ್ರಮಯ ಅಲ್ಯೂಮಿನಿಯಂ ಆಕ್ಸೈಡ್), 9.9 ಗ್ರಾಂ ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ (ನೀರಿನಂಶವಿರುವ ನಿಕಲ್ ಲವಣ) ಸಾಕು. ನೈಟ್ರೇಟನ್ನು ಕಡಿಮೆ ನೀರಿನಲ್ಲಿ ಕರಗಿಸಿ, ಅಲ್ಯೂಮಿನಾದ ರಂಧ್ರಗಳು ಹೀರಿಕೊಳ್ಳುವಷ್ಟನ್ನೇ ಹನಿಸಬೇಕು. ದ್ರಾವಣ ಉಳಿದರೆ ನಡುವೆ ಒಣಗಿಸಿಕೊಂಡು ಎರಡನೇ ಸಲ. ಒಮ್ಮೆಗೇ ಸುರಿದರೆ ಲವಣವು ಕಣಗಳ ಹೊರಮೈಯಲ್ಲೇ ಹೆಪ್ಪುಗಟ್ಟಿ ನಿಕಲ್ ದಪ್ಪ ಗಂಟುಗಳಾಗುತ್ತದೆ. 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಣಗಿಸಿ, 450 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಡಬೇಕು. ಆಗ ಏಳುವ ಕಂದು ಹೊಗೆ ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್. ಅದು ಹೊರಹೋಗುವ ವ್ಯವಸ್ಥೆ ಇರಲೇಬೇಕು. ಉಷ್ಣತೆ 800 ಡಿಗ್ರಿಗೆ ಏರಿದರೆ ನಿಕಲ್ ಅಲ್ಯೂಮಿನಾದೊಳಕ್ಕೆ ಸೇರಿ ನೀಲಿ ಛಾಯೆಯ ನಿಕಲ್ ಅಲ್ಯೂಮಿನೇಟ್ ಆಗಿಬಿಡುತ್ತದೆ. ಮುಂದಿನ ಹಂತದಲ್ಲಿ 500 ಡಿಗ್ರಿಯಲ್ಲಿ ಹೈಡ್ರೋಜನ್ ಹಾಯಿಸಿದರೂ ಅದು ಲೋಹವಾಗಿ ಮರಳದು.

ಸುಟ್ಟ ಮೇಲೆ ನಿಕಲ್ ಆಕ್ಸೈಡ್ ರೂಪದಲ್ಲಿರುತ್ತದೆ. ಅದನ್ನು ಲೋಹವಾಗಿಸಲು, ಕ್ರಿಯೆ ನಡೆಯುವ ಕೊಳವೆಯಲ್ಲಿ ತುಂಬಿ ಬಿಸಿಯಲ್ಲಿ ಹೈಡ್ರೋಜನ್ ಹಾಯಿಸಬೇಕು. ಹೈಡ್ರೋಜನ್ ಬಿಡುವ ಮುನ್ನ ಕೊಳವೆಯ ಗಾಳಿಯನ್ನು ನೈಟ್ರೋಜನ್‌ನಿಂದ ಪೂರ್ತಿ ಹೊರದೂಡಿ. ಲೋಹರೂಪಕ್ಕೆ ಬಂದ ನಿಕಲ್ ಗಾಳಿ ತಾಕಿದರೆ ಹೊತ್ತಿಕೊಳ್ಳಬಹುದು. ಇನ್ನೂ ದೊಡ್ಡ ಅಪಾಯ ಸುಮಾರು 200 ಡಿಗ್ರಿಗಿಂತ ಕೆಳಗಿದೆ: ಕಾರ್ಬನ್ ಮಾನಾಕ್ಸೈಡ್ ಇದ್ದರೆ ನಿಕಲ್ ಅದರೊಂದಿಗೆ ಕೂಡಿ ನಿಕಲ್ ಕಾರ್ಬೊನಿಲ್ ಎಂಬ ಘೋರ ವಿಷಾನಿಲವಾಗುತ್ತದೆ. ಆದ್ದರಿಂದ ಬಿಸಿಯೇರಿದ ಮೇಲಷ್ಟೇ ಅನಿಲಮಿಶ್ರಣ ಬಿಡಬೇಕು. ನಿಲ್ಲಿಸುವಾಗ ನೈಟ್ರೋಜನ್ ಹಾಯಿಸುತ್ತಲೇ ತಣಿಸಬೇಕು.

ಕೆಲಸ ಶುರುವಾದ ಮೇಲೆ ನಿಜವಾದ ಸವಾಲು ಬಿಸಿಯದ್ದು. ಒಂದು ಮೋಲ್ ಮೀಥೇನ್‌ಗೆ 165 ಕಿಲೋಜೌಲ್ ಶಾಖ ಹೊಮ್ಮುತ್ತದೆ. 300 ಡಿಗ್ರಿಯ ಆಸುಪಾಸಿನಲ್ಲಿ ಸಮತೋಲನ ಮೀಥೇನ್ ಪರವಾಗಿರುತ್ತದೆ, ಅಂದರೆ ಅನಿಲದ ಹೆಚ್ಚಿನ ಪಾಲು ಮೀಥೇನ್ ಆಗಬಲ್ಲದು. 500 ದಾಟಿದರೆ ಪರಿವರ್ತನೆ ಕುಸಿದು ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಕೆಲವೇ ನ್ಯಾನೋಮೀಟರ್ ಗಾತ್ರದ ನಿಕಲ್ ಕಣಗಳು ಒಂದಕ್ಕೊಂದು ಬೆಸೆದು ದೊಡ್ಡವಾಗುತ್ತವೆ, ಕ್ರಿಯೆಗೆ ಸಿಗುವ ಮೇಲ್ಮೈ ಕುಗ್ಗುತ್ತದೆ. ಇದಕ್ಕೇ ವೇಗವರ್ಧಕದ ಜೊತೆ ಸಿಲಿಕಾನ್ ಕಾರ್ಬೈಡ್ ಬೆರೆಸುತ್ತಾರೆ: ಅದು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ದೊಡ್ಡ ಘಟಕಗಳಲ್ಲಿ ಹಲವು ರಿಯಾಕ್ಟರ್‌ಗಳನ್ನು ಸಾಲಾಗಿಟ್ಟು ನಡುವೆ ಅನಿಲವನ್ನು ತಣಿಸುತ್ತಾರೆ.

ಗಂಧಕದ ಕಾಟ ಬೇರೆ. ಜೈವಿಕ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪವಿದ್ದರೂ ನಿಕಲ್‌ಗೆ ಅಂಟಿಕೊಂಡರೆ ಬಿಡುವುದಿಲ್ಲ. ಮೊದಲೇ ಸತು ಆಕ್ಸೈಡ್ ಮೂಲಕ ಹಾಯಿಸಿ ತೆಗೆಯಬೇಕು.

ಕೊಳವೆಯ ಉದ್ದಕ್ಕೂ ನಾಲ್ಕೈದು ಕಡೆ ಥರ್ಮೋಕಪಲ್ (ಉಷ್ಣತೆ ಅಳೆಯುವ ಸಾಧನ) ಇರಿಸುವುದು ಬಹಳ ಮುಖ್ಯ. ಅತಿ ಬಿಸಿಯ ಜಾಗ ಮೊದಲು ಅನಿಲ ಒಳಬರುವ ತುದಿಯ ಬಳಿ ಇರುತ್ತದೆ. ಅದು ದಿನೇ ದಿನೇ ಕೆಳಕ್ಕೆ ಸರಿಯುತ್ತಿದ್ದರೆ ಮುಂಭಾಗದ ವೇಗವರ್ಧಕ ಸಾಯುತ್ತಿದೆ ಎಂದರ್ಥ, ಹೊರಬರುವ ಮೀಥೇನ್‌ನ ಪ್ರಮಾಣ ಇನ್ನೂ ಇಳಿಯದಿದ್ದರೂ ಸರಿಯೇ.