ಎಕ್ಸೈಲ್ ಆನ್ ಮೇನ್ ಸ್ಟ್ರೀಟ್: ನೆಲಮಾಳಿಗೆಯ ಸದ್ದು, ಬಿಟ್ಟುಹೋದ ಹೆಸರುಗಳು

ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಹೊರಬಂದದ್ದು 1972ರ ಮೇ ತಿಂಗಳಲ್ಲಿ. ಎರಡು ಎಲ್‌ಪಿ (ಎರಡೂ ಬದಿಯಲ್ಲಿ ಹಾಡಿರುವ ದೊಡ್ಡ ರೆಕಾರ್ಡು), 18 ಹಾಡು. ಮೊದಲ ಸಲ ಕೇಳುವಾಗ ಸದ್ದು ಮಂಕಾಗಿದೆ ಅನ್ನಿಸುತ್ತದೆ. ಗಾಯಕ ಮಿಕ್ ಜಾಗರ್ ದನಿ ಗಿಟಾರು, ಸ್ಯಾಕ್ಸೋಫೋನುಗಳ ನಡುವೆ ಎಲ್ಲೋ ಹೂತಿರುತ್ತದೆ. ಆಗ ಕೆಲವು ವಿಮರ್ಶಕರಿಗೂ ಇದು ಪೂರ್ತಿ ಹಿಡಿಸಿರಲಿಲ್ಲ. ನನಗೆ ಮಾತ್ರ ರಾಕ್‌ನಲ್ಲಿ ಇದಕ್ಕಿಂತ ಪ್ರೀತಿಯ ಆಲ್ಬಮ್ ಇಲ್ಲ.

ಆ ಮಂಕಿಗೆ ಕಾರಣ ತೆರಿಗೆ! ಬ್ರಿಟನ್ನಿನಲ್ಲಿ ದೊಡ್ಡ ಆದಾಯದ ಬಹುಪಾಲು ತೆರಿಗೆಗೇ ಹೋಗುತ್ತಿದ್ದ ಕಾಲ ಅದು. 1971ರಲ್ಲಿ ತಂಡ ಊರು ಬಿಟ್ಟು ದಕ್ಷಿಣ ಫ್ರಾನ್ಸಿಗೆ ಹೋಯಿತು. ವಿಲ್‌ಫ್ರಾಂಶ್‌ನಲ್ಲಿ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಬಾಡಿಗೆಗೆ ಹಿಡಿದ ನೆಲ್‌ಕೋಟ್ ಬಂಗಲೆಯ ಹೊರಗೆ ತಂಡದ ರೆಕಾರ್ಡಿಂಗ್ ಲಾರಿ ನಿಂತಿತು, ಅಲ್ಲಿಂದ ಕೇಬಲ್ ಎಳೆದು ನೆಲಮಾಳಿಗೆಯ ಸಣ್ಣ ಸಣ್ಣ ಕೋಣೆಗಳಲ್ಲಿ, ಸೆಕೆಗೆ ಗಿಟಾರಿನ ಶ್ರುತಿಯೂ ನಿಲ್ಲದಂಥ ಜಾಗದಲ್ಲಿ, ಸಿಕ್ಕವರು ಸಿಕ್ಕ ಹೊತ್ತಿಗೆ ನುಡಿಸಿದರು. ‘ಹ್ಯಾಪಿ’ ಹಾಡಿಗೆ ಡ್ರಮ್ಸ್ ಬಾರಿಸಿದ್ದು ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ಅಲ್ಲ, ನಿರ್ಮಾಪಕ ಜಿಮ್ಮಿ ಮಿಲ್ಲರ್. ಎಲ್ಲ ಹಾಡೂ ಇಲ್ಲಿನವಲ್ಲ, ಕೆಲವು ಮೊದಲೇ ಇಂಗ್ಲೆಂಡಿನಲ್ಲಿ ಶುರುವಾಗಿದ್ದವು. ಉಳಿದ ಕೆಲಸ ಲಾಸ್ ಏಂಜಲೀಸ್‌ನಲ್ಲಿ ಮುಗಿಯಿತು.

ಆಲ್ಬಮ್‌ನಲ್ಲಿ ಕೇಳುವ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಹಿನ್ನೆಲೆ ಬೇರೆ. ಆ ಬೇಸಿಗೆಯಲ್ಲಿ ಅಮೆರಿಕದ ಕಂಟ್ರಿ ಗಾಯಕ ಗ್ರಾಮ್ ಪಾರ್ಸನ್ಸ್ ನೆಲ್‌ಕೋಟ್‌ನಲ್ಲಿ ಉಳಿದಿದ್ದರು. ಅವರೂ ಕೀತ್ ಕೂಡ ಹಳೆಯ ಕಂಟ್ರಿ ಹಾಡುಗಳನ್ನು ಗಂಟೆಗಟ್ಟಲೆ ಹಾಡುತ್ತಿದ್ದರು. ‘ಸ್ವೀಟ್ ವರ್ಜೀನಿಯಾ’, ‘ಟಾರ್ನ್ ಅಂಡ್ ಫ್ರೇಯ್ಡ್’ ಇರುವ ಎರಡನೇ ಬದಿ ಕೇಳಿದರೆ ಆ ಸಹವಾಸ ಗೊತ್ತಾಗುತ್ತದೆ ಅಲ್ವಾ? ಆದರೆ ಕಲಾವಿದರ ಪಟ್ಟಿಯಲ್ಲಿ ಪಾರ್ಸನ್ಸ್ ಹೆಸರಿಲ್ಲ.

ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತದ ಕಡೆ ಹೀಗೆ ಹೆಸರು ಬಿಟ್ಟದ್ದು ಇನ್ನೂ ಬೇಸರದ ವಿಷಯ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿನಿಂದ ತಮ್ಮ ಹೆಸರನ್ನೇ ತೆಗೆದುಕೊಂಡ ಹುಡುಗರು ಇವರು, ಬ್ಲೂಸ್ ಮೇಲಿನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ‘ಶೇಕ್ ಯುವರ್ ಹಿಪ್ಸ್’ ಹಾಡಿಗೆ ಅದನ್ನು ಬರೆದ ಸ್ಲಿಮ್ ಹಾರ್ಪೋಗೆ ಸಲ್ಲಬೇಕಾದ ಹೆಸರು ಸಂದಿತು. ‘ಸ್ಟಾಪ್ ಬ್ರೇಕಿಂಗ್ ಡೌನ್’ ಮಾತ್ರ ‘ಸಾಂಪ್ರದಾಯಿಕ’, ಅಂದರೆ ಬರೆದವರು ಗೊತ್ತಿಲ್ಲದ ಹಾಡು ಅಂತ ಅಚ್ಚಾಯಿತು. ಅದು ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1937ರಲ್ಲಿ ಡಲ್ಲಾಸ್‌ನಲ್ಲಿ ರೆಕಾರ್ಡ್ ಮಾಡಿದ ಹಾಡು. ಮರುವರ್ಷ, 27ನೇ ವಯಸ್ಸಿಗೇ ಅವರು ತೀರಿಕೊಂಡರು. ಈ ಹಾಡು ಯಾರ ಸ್ವತ್ತೂ ಅಲ್ಲ ಎಂಬ ವಾದ ಕೋರ್ಟಿಗೆ ಹೋಯಿತು, 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪದೆ ಜಾನ್ಸನ್ ಹಕ್ಕುಗಳನ್ನು ನೋಡಿಕೊಳ್ಳುತ್ತಿದ್ದವರ ಪರ ತೀರ್ಪು ಕೊಟ್ಟಿತು. ಆಲ್ಬಮ್ ಬಂದು ಆಗಲೇ 28 ವರ್ಷ ಕಳೆದಿತ್ತು. ಇದು ಸಣ್ಣ ವಿಷಯ ಅಲ್ಲ. ಬಡತನದಲ್ಲಿ ಸತ್ತ ಕಪ್ಪು ಹಾಡುಗಾರನ ಹೆಸರು ಹಾಕೋದು ಆಲ್ಬಮ್‌ನ ಮೊದಲ ಕೆಲಸವಾಗಬೇಕಿತ್ತು.

ಹಾಗಂತ ಆಲ್ಬಮ್ ಪಕ್ಕಕ್ಕಿಡಿ ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಕೇಳಿ, ಮೊದಲು ಜಾನ್ಸನ್. ಒಂದು ಗಿಟಾರು, ಒಂದು ದನಿ, ಅಷ್ಟೇ. ಆಮೇಲೆ ನಾಲ್ಕನೇ ಬದಿಗೆ ಬನ್ನಿ. ಅಲ್ಲಿ ತಂಡದ ಮಿಕ್ ಟೇಲರ್ ಸ್ಲೈಡ್ ಗಿಟಾರು (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು), ಜಾಗರ್ ಹಾರ್ಮೋನಿಕಾ ಸೇರಿ ಅದೇ ಹಾಡನ್ನು ಎಷ್ಟು ದಪ್ಪಗೆ, ಎಷ್ಟು ಒರಟಾಗಿ ಬೆಳೆಸಿವೆ ನೋಡಿ.