ಕಂಪ್ಯೂಟ್ ಮಿತಿ ಅಂದರೆ ಏನು?

ಎಐ (ಕೃತಕ ಬುದ್ಧಿಮತ್ತೆ) ಮಾದರಿಯೊಂದಕ್ಕೆ, ಅಂದರೆ ಚಾಟ್‌ಜಿಪಿಟಿಯಂಥದ್ದರ ಹಿಂದಿರುವ ಸಾಫ್ಟ್‌ವೇರ್‌ಗೆ, ತರಬೇತಿ ಕೊಡುವಾಗ ಚಿಪ್‌ಗಳು ಮಾಡುವ ಒಟ್ಟು ಲೆಕ್ಕಾಚಾರಕ್ಕೆ ಕಂಪ್ಯೂಟ್ ಅನ್ನುತ್ತಾರೆ. ಅದು ಒಂದು ಗೆರೆ ದಾಟಿದರೆ ಕಂಪನಿ ಸರ್ಕಾರಕ್ಕೆ ತಿಳಿಸಬೇಕು, ಅಪಾಯ ಇದೆಯಾ ಅಂತ ಪರೀಕ್ಷೆ ಮಾಡಬೇಕು. ಆ ಗೆರೆಯೇ ಕಂಪ್ಯೂಟ್ ಮಿತಿ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಯುರೋಪಿನ ಎಐ ಕಾಯ್ದೆಯಲ್ಲಿ ಅದು 1ರ ಮುಂದೆ 25 ಸೊನ್ನೆ ಹಾಕಿದಷ್ಟು ಲೆಕ್ಕ.

ಕಾಫಿ ಎಲೆಯ ಫೋಟೋ ನೋಡಿ ತುಕ್ಕು ರೋಗ ಗುರುತಿಸುವಂಥ ಸಣ್ಣ ಮಾದರಿ ಈ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಮ್ಮ ಕೊಡಗಿನ ಬೆಳೆಗಾರರ ಕೆಲಸಕ್ಕೆ ಇದರಿಂದ ತೊಂದರೆ ಇಲ್ಲ. ಇದು ದೈತ್ಯ ಮಾದರಿಗಳಿಗೆ ಮಾತ್ರ.

ಕಂಪ್ಯೂಟನ್ನೇ ಯಾಕೆ ಅಳೆಯಬೇಕು? ಮಾದರಿಗೆ ಏನೇನು ಮಾಡಲು ಬರುತ್ತದೆ ಅನ್ನುವುದು ತರಬೇತಿ ಮುಗಿಯುವವರೆಗೆ ಅದನ್ನು ಕಟ್ಟಿದವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಎಷ್ಟು ಲೆಕ್ಕ ಬೇಕಾಗುತ್ತದೆ ಅನ್ನುವುದು ಮೊದಲೇ ಗೊತ್ತು. ಕೋಡ್ ನಕಲು ಮಾಡಿ ಎಲ್ಲಿಗೆ ಬೇಕಾದರೂ ಕಳಿಸಬಹುದು, ಆದರೆ ಸಾವಿರಾರು ಚಿಪ್‌, ಅವುಗಳಿಗೆ ಬೇಕಾದ ಕಟ್ಟಡ, ಕರೆಂಟು ಇವನ್ನು ಮುಚ್ಚಿಡುವುದು ಸುಲಭವಲ್ಲ. ಅತಿ ಮುಂದುವರಿದ ಚಿಪ್ ಅಚ್ಚು ಹಾಕುವ ಯಂತ್ರಗಳನ್ನು ಜಗತ್ತಿಗೆಲ್ಲ ಮಾರುವುದು ನೆದರ್ಲೆಂಡ್ಸ್‌ನ ಎಎಸ್ಎಂಎಲ್ ಕಂಪನಿ ಒಂದೇ. ನಿಯಂತ್ರಣ ಸಾಧ್ಯವೇ ಇಲ್ಲ ಅನ್ನುವವರು ಇದನ್ನು ನೋಡಬೇಕು.

ಸುಮ್ನೆ ಕೇಳಿಕೊಂಡರೆ ಯಾರೂ ನಿಲ್ಲುವುದಿಲ್ಲ. 2023ರ ಮಾರ್ಚ್‌ನಲ್ಲಿ ಎಐ ವಿಜ್ಞಾನಿ ಯೋಶುವಾ ಬೆಂಜಿಯೋ ಸೇರಿ ಹಲವರು ಓಪನ್‌ಎಐ ಕಂಪನಿಯ ಜಿಪಿಟಿ-4 ಮಾದರಿಗಿಂತ ಬಲವಾದ ಮಾದರಿಗಳ ತರಬೇತಿಯನ್ನು 6 ತಿಂಗಳು ನಿಲ್ಲಿಸಿ ಅನ್ನುವ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಪೈಪೋಟಿ ನಿಲ್ಲಲಿಲ್ಲ. ನಾವು ನಿಂತರೆ ಪಕ್ಕದವರು ಮುಂದೆ ಹೋಗುತ್ತಾರೆ ಅನ್ನುವ ಭಯ ಎಲ್ಲರಿಗೂ ಇದೆ, ಅಲ್ವಾ? ಎಲ್ಲರಿಗೂ ಒಂದೇ ಕಾನೂನು ಇದ್ದರೆ ಮಾತ್ರ ಆ ಭಯ ಕಡಿಮೆಯಾಗುತ್ತದೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟ ಜಾರಿ ಮನೆಗಳು ಹೋದ ಮೇಲೆ ನಮ್ಮಲ್ಲಿ ಬರೆ (ಬೆಟ್ಟದ ಇಳಿಜಾರು) ಕಡಿಯುವುದರ ಬಗ್ಗೆ ಮಾತು ಜೋರಾಯಿತು. ಎಐಗೆ ನಿಯಮ ಹಾಗಲ್ಲ, ಅನಾಹುತಕ್ಕೆ ಮೊದಲೇ ಬರಬೇಕು ಅಂತ ನನ್ನ ಕಳಕಳಿ.

ಈ ಮಿತಿಗೂ ಕೊರತೆ ಇದೆ. ಕಡಿಮೆ ಕಂಪ್ಯೂಟ್‌ನಲ್ಲೇ ಜಾಸ್ತಿ ಬಲದ ಮಾದರಿ ಕಟ್ಟುವ ವಿಧಾನಗಳು ಬರುತ್ತಲೇ ಇವೆ, ಹಾಗಾಗಿ ಗೆರೆಯನ್ನು ಆಗಾಗ ತಿದ್ದಬೇಕು. ಸರ್ಕಾರ ಬದಲಾದರೆ ಗೆರೆಯೇ ಅಳಿಸಿ ಹೋಗಬಹುದು: ಅಮೆರಿಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಬೈಡನ್ ಹೊರಡಿಸಿದ ಆದೇಶದಲ್ಲಿ ಇಂಥ ಮಿತಿ ಇತ್ತು, 2025ರ ಜನವರಿಯಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು. ಎಐ ಅಪಾಯಗಳ ಬಗ್ಗೆ ಒಟ್ಟಾಗಿ ಕೆಲಸ ಮಾಡುತ್ತೇವೆ ಅನ್ನುವ 2023ರ ಬ್ರಿಟನ್ನಿನ ಬ್ಲೆಚ್ಲಿ ಘೋಷಣೆಗೆ ಭಾರತವೂ ಸಹಿ ಹಾಕಿದೆ. ಅದು ಕಾನೂನಲ್ಲ. ವೋಟು ಕೇಳಲು ಬರುವವರ ಹತ್ತಿರ ರಸ್ತೆ, ಆನೆ ಹಾವಳಿಯ ಜೊತೆಗೆ ಎಐ ಕಾನೂನು ಯಾವಾಗ ಅಂತಲೂ ಕೇಳಬಹುದು.