ಕಿರುಸೇತುವೆಗಳ ಮರುನಿರ್ಮಾಣ ಮತ್ತು ಹಳ್ಳದ ನೀರು: ಕಾನೂನಿನ ಕಣ್ಣಿಗೆ ಬೀಳದ ಕಾಮಗಾರಿಯ ಹಿನ್ನೆಲೆ

ಗ್ರಾಮೀಣ ರಸ್ತೆಯೊಂದರಲ್ಲಿ ಹಳೆಯ ಸೇತುವೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುವುದು ಕಾಮಗಾರಿಗಳ ಲೆಕ್ಕದಲ್ಲಿ ತೀರಾ ಸಣ್ಣ ಕೆಲಸ. ಹತ್ತು ಹದಿನೈದು ಮೀಟರ್ ಉದ್ದದ ಸೇತುವೆ, ಅದರ ಎರಡೂ ಬದಿಗೆ ಒಂದಿಷ್ಟು ಕೂಡುರಸ್ತೆ, ಕೆಲವು ತಿಂಗಳ ಅವಧಿ. ಆದರೆ ಇದರ ಅತ್ಯಂತ ಒರಟು ಭಾಗವೆಲ್ಲ ನಡೆಯುವುದು ನೀರಿನೊಳಗೆ ಅಥವಾ ನೀರಿಗೆ ತಾಗಿದ ದಡದ ಮೇಲೆ. ಯಂತ್ರ ಇಳಿಯಲು ದಡವನ್ನು ಕಡಿಯಲಾಗುತ್ತದೆ, ಮಣ್ಣನ್ನು ಹಿಡಿದಿಟ್ಟಿದ್ದ ಬೇರುಗಳು ಕಿತ್ತುಬರುತ್ತವೆ, ಹಳೆಯ ಅಡಿಪಾಯ ಒಡೆದಾಗ ದಶಕಗಳಿಂದ ಅದರ ಬುಡದಲ್ಲಿ ಕೂತಿದ್ದ ಹೂಳು ಮೇಲೇಳುತ್ತದೆ, ವಾಹನಗಳಿಗೆಂದು ಹಾಕಿದ ತಾತ್ಕಾಲಿಕ ಮಣ್ಣಿನ ದಾರಿ ಮೊದಲ ಮಳೆಗೇ ಕರಗಿ ಹರಿಯುತ್ತದೆ. ಇಷ್ಟರ ಮೇಲೆ ಹಸಿ ಕಾಂಕ್ರೀಟ್ ಬರುತ್ತದೆ. ಹಳ್ಳ ಚಿಕ್ಕದಾಗಿದ್ದಷ್ಟೂ ಅದರಲ್ಲಿ ನೀರು ಕಡಿಮೆ, ನೀರು ಕಡಿಮೆಯಾದಷ್ಟೂ ಬೆರೆತದ್ದನ್ನು ತೆಳುವಾಗಿಸುವ ಶಕ್ತಿಯೂ ಕಡಿಮೆ.

ಈ ಹಾನಿ ಎಲ್ಲರ ಕಣ್ಣೆದುರೇ ನಡೆಯುವಂಥದ್ದು. ಆದರೂ ಅದನ್ನು ತಡೆಯುವ ನಿಯಮಗಳು ಬಹಳ ತಡವಾಗಿ ಬಂದವು, ಬಂದವೂ ಸಣ್ಣ ಸೇತುವೆಗಳನ್ನು ಹೆಚ್ಚುಕಡಿಮೆ ಬಿಟ್ಟುಬಿಟ್ಟವು. ಕಾರಣ ಹುಡುಕುತ್ತಾ ಹೋದರೆ ಸಿಗುವ ಉತ್ತರ ಇದು: ನೀರನ್ನು ಕಾಯುವ ಕಾನೂನುಗಳು ಕಾಮಗಾರಿಯ ಗಾತ್ರವನ್ನು ಅಳೆದವು, ಕೆದಕಿದ ಮಣ್ಣು ನೀರಿಗೆ ಎಷ್ಟು ಹತ್ತಿರವಿದೆ, ಎಷ್ಟು ಹೊತ್ತು ತಾಗಿರುತ್ತದೆ ಎಂಬುದನ್ನು ಅಳೆಯಲಿಲ್ಲ.

ಮಣ್ಣೂ ಒಂದು ಮಾಲಿನ್ಯ ಎಂದು ಒಪ್ಪಿಕೊಳ್ಳುವುದಕ್ಕೇ ಕಾಲ ಹಿಡಿಯಿತು. ಬ್ರಿಟನ್ನಿನ 1876ರ ನದಿ ಮಾಲಿನ್ಯ ತಡೆ ಕಾಯ್ದೆ ಕಾರ್ಖಾನೆ ಮತ್ತು ಕಲ್ಲುಗಣಿಗಳ ಘನತ್ಯಾಜ್ಯವನ್ನು ಹೊಳೆಗೆ ಸುರಿಯುವುದನ್ನು ನಿಷೇಧಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಇಡೀ ಗುಡ್ಡಗಳನ್ನೇ ಒತ್ತಡದ ನೀರಿನಿಂದ ಕೊಚ್ಚಿ ಕೆಳಗಿಳಿಸಿದಾಗ ನದಿಗಳ ತಳ ಏರಿ ಕೃಷಿಭೂಮಿ ಹೂಳಿನಡಿ ಮುಚ್ಚಿಹೋಯಿತು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಆ ಗಣಿಮಣ್ಣನ್ನು ನದಿಗೆ ಬಿಡದಂತೆ ಶಾಶ್ವತ ತಡೆಯಾಜ್ಞೆ ನೀಡಿದರು. ಆದರೆ ಈ ಎರಡೂ ಸಂದರ್ಭಗಳಲ್ಲಿ ಎದುರಿಗಿದ್ದದ್ದು ದೊಡ್ಡ ಉದ್ದಿಮೆ. ಅದೇ ದೇಶದ 1899ರ ನದಿ ಮತ್ತು ಬಂದರು ಕಾಯ್ದೆ ಸೇತುವೆಗಳ ವಿಷಯಕ್ಕೆ ಕೈ ಹಾಕಿತಾದರೂ ಅದರ ಮುಖ್ಯ ಕಾಳಜಿ ಹಡಗು ದೋಣಿಗಳ ಸಂಚಾರವಾಗಿತ್ತು. ದೋಣಿ ಹೋಗದ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಸೇತುವೆಯ ಬಗ್ಗೆ ಕೇಳುವವರು ಇರಲಿಲ್ಲ.

ಕೆಸರಿನ ಹಾನಿ ಹೇಗೆ ಆಗುತ್ತದೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಕ್ರಮಗಳೂ ಇದರ ಮೇಲೆಯೇ ನಿಂತಿವೆ. ದ್ರವದಲ್ಲಿ ಕಣವೊಂದು ಎಷ್ಟು ವೇಗವಾಗಿ ಇಳಿಯುತ್ತದೆ ಎಂಬ ಸೂತ್ರವನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟರು. ಅದರ ಪ್ರಕಾರ ಲೆಕ್ಕ ಹಾಕಿದರೆ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ನುಣ್ಣನೆಯ ಮರಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟಿರುವ ಜೇಡಿಕಣಕ್ಕೆ ಅದೇ ದೂರಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು. ಮರಳು ಸೇತುವೆಯ ಬುಡದಲ್ಲೇ ಕೂತು ಕಲ್ಲುಗಳ ಸಂದುಗಳನ್ನು ತುಂಬುತ್ತದೆ. ಆ ಸಂದುಗಳಲ್ಲಿ ಉಸಿರಾಡುವ ಮೀನಿನ ಮೊಟ್ಟೆಗಳಿಗೆ, ಹುಳುಹುಪ್ಪಟೆಗಳಿಗೆ ಆಮ್ಲಜನಕ ತಲುಪದಂತಾಗುತ್ತದೆ. ಜೇಡಿ ಮಾತ್ರ ನೀರಿನ ಜೊತೆ ಮೈಲುಗಟ್ಟಲೆ ಹೋಗುತ್ತದೆ, ಮೀನಿನ ಕಿವಿರುಗಳನ್ನು ಉಜ್ಜುತ್ತದೆ, ತಳಕ್ಕೆ ಬೆಳಕು ಹೋಗದಂತೆ ಮಾಡುತ್ತದೆ. ಕೆಳಗೆಲ್ಲೋ ಅದೇ ನೀರನ್ನು ಕುಡಿಯಲು ಎತ್ತುತ್ತಿದ್ದರೆ ಸೂಕ್ಷ್ಮಜೀವಿಗಳು ಈ ಕಣಗಳ ಮರೆಯಲ್ಲಿ ಕ್ಲೋರಿನ್ನಿನಿಂದ ತಪ್ಪಿಸಿಕೊಳ್ಳುತ್ತವೆ. ಸೋಂಕು ನಿವಾರಣೆಗೆ ಮೊದಲು ನೀರಿನ ಬಗ್ಗಡ (ಅದನ್ನು ಅಳೆಯುವ ಏಕಮಾನ ಎನ್‌ಟಿಯು) 1 ಎನ್‌ಟಿಯುಗಿಂತ ಕೆಳಗಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ.

ಯುರೋಪಿನ ಒಳನಾಡು ಮೀನುಗಾರಿಕೆ ಸಲಹಾ ಆಯೋಗ 1960ರ ದಶಕದ ಮಧ್ಯದಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟಿತು: ಲೀಟರಿಗೆ 25 ಮಿಲಿಗ್ರಾಂವರೆಗೆ ತೇಲುಕಣಗಳಿದ್ದರೆ ಮೀನುಗಾರಿಕೆಗೆ ಹಾನಿಯ ಸುಳಿವಿಲ್ಲ, 80 ದಾಟಿದರೆ ಒಳ್ಳೆಯ ಮೀನುಗಾರಿಕೆ ಕಷ್ಟ, 400 ಮೀರಿದರೆ ಉಳಿಯುವುದು ಅಲ್ಪಸ್ವಲ್ಪ ಮಾತ್ರ.

1967ರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ಈ ಕಥೆಯ ದಿಕ್ಕನ್ನು ಬದಲಿಸಿದವು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹಳ್ಳಗಳನ್ನು ಅಧ್ಯಯನ ಮಾಡಿದ ಭೂಗೋಳ ವಿಜ್ಞಾನಿ ಗಾರ್ಡನ್ ವೋಲ್ಮನ್, ಕಾಡು ಮತ್ತು ಹೊಲಗಳಿಂದ ಚದರ ಮೈಲಿಗೆ ವರ್ಷಕ್ಕೆ ಕೆಲವು ನೂರು ಟನ್ ಮಣ್ಣು ಕೊಚ್ಚಿಹೋದರೆ, ನಿರ್ಮಾಣ ನಡೆಯುತ್ತಿರುವ ಜಾಗಗಳಿಂದ ಸಾವಿರಾರು ಟನ್, ಕೆಲವೊಮ್ಮೆ ಲಕ್ಷಕ್ಕೂ ಮೀರಿ ಹೋಗುತ್ತದೆಂದು ತೋರಿಸಿದರು. ಅದೇ ವರ್ಷದ ಡಿಸೆಂಬರ್ 15ರಂದು ಓಹಿಯೊ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ಆ ದುರಂತದಿಂದಾಗಿ 1971ರಲ್ಲಿ ದೇಶವ್ಯಾಪಿ ಸೇತುವೆ ತಪಾಸಣೆಯ ಮಾನದಂಡಗಳು ಬಂದವು, ದುರ್ಬಲ ಸೇತುವೆಗಳ ಪಟ್ಟಿ ಬೆಳೆಯಿತು, 1978ರ ಹೊತ್ತಿಗೆ ಮುಖ್ಯ ಹೆದ್ದಾರಿಗಳಾಚೆಯ ಸ್ಥಳೀಯ ರಸ್ತೆಗಳ ಸೇತುವೆಗಳನ್ನು ಬದಲಿಸಲೂ ಕೇಂದ್ರದ ನಿಧಿ ಸಿಗತೊಡಗಿತು. ನಡುವೆ 1972ರಲ್ಲಿ ಶುದ್ಧ ಜಲ ಕಾಯ್ದೆ ಜಾರಿಗೆ ಬಂದು, ಜಲಮೂಲಗಳಿಗೆ ಮಣ್ಣು ತುಂಬುವುದಕ್ಕೆ 404ನೇ ಪ್ರಕರಣದಡಿ ಪರವಾನಗಿ, ಅದಕ್ಕೆ 401ನೇ ಪ್ರಕರಣದಡಿ ರಾಜ್ಯದ ನೀರಿನ ಗುಣಮಟ್ಟದ ದೃಢೀಕರಣ ಕಡ್ಡಾಯವಾದವು. ಹೀಗೆ ಗ್ರಾಮೀಣ ಸೇತುವೆಗಳನ್ನು ಹೆಚ್ಚು ಸಂಖ್ಯೆಯಲ್ಲಿ ಬದಲಿಸುವ ಕಾಲ ಮತ್ತು ನೀರನ್ನು ಕಾಯುವ ಕಾಲ ಒಟ್ಟಿಗೇ ಶುರುವಾದವು.

ಒಟ್ಟಿಗೆ ಶುರುವಾದರೂ ಎರಡೂ ಎದುರುಬದುರಾದದ್ದು ಕಡಿಮೆ. 1977ರಿಂದ ಸಣ್ಣ ಕೆಲಸಗಳಿಗೆ ಸಾಮೂಹಿಕ ಪರವಾನಗಿಗಳು ಬಂದವು. ಈಗಿನ ನಿಯಮದಂತೆ ಉಬ್ಬರವಿಳಿತವಿಲ್ಲದ ನೀರಿನಲ್ಲಿ ಅರ್ಧ ಎಕರೆಯೊಳಗಿನ ಜಲಪ್ರದೇಶ ನಷ್ಟವಾಗುವ ರಸ್ತೆ ದಾಟುಗಳಿಗೆ ಪ್ರತ್ಯೇಕ ವಿಚಾರಣೆ ಬೇಕಿಲ್ಲ. ನಿರ್ಮಾಣ ಸ್ಥಳದಿಂದ ಹರಿದುಬರುವ ಮಳೆನೀರಿನ ನಿಯಮ 1990ರಲ್ಲಿ 5 ಎಕರೆ ಅಥವಾ ಅದಕ್ಕೂ ಹೆಚ್ಚು ನೆಲ ಕೆದಕುವ ಕೆಲಸಗಳಿಗೆ ಅನ್ವಯಿಸಿತು, 1999ರ ತಿದ್ದುಪಡಿ ಅದನ್ನು 1 ಎಕರೆಗೆ ಇಳಿಸಿತು. ಕಿರುಸೇತುವೆಯೊಂದರ ಕೆದಕಿದ ನೆಲ ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. 2009ರಲ್ಲಿ ನಿರ್ಮಾಣ ಸ್ಥಳದ ನೀರಿಗೆ 280 ಎನ್‌ಟಿಯು ಎಂಬ ಸಂಖ್ಯಾಮಿತಿ ಹಾಕಿದಾಗ ಅದು ಮೊದಲು 20 ಎಕರೆ, ನಂತರ 10 ಎಕರೆ ಮೀರಿದ ಸ್ಥಳಗಳಿಗೆ ಎಂದಿತ್ತು. ಲೆಕ್ಕದ ದೋಷದ ಆಕ್ಷೇಪಗಳ ನಡುವೆ ಆ ಮಿತಿಗೇ ತಡೆ ಬಿದ್ದು 2014ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಭಾರತದ 1974ರ ಜಲ ಕಾಯ್ದೆ ಇನ್ನೊಂದು ದಾರಿ ಹಿಡಿಯಿತು. ಹೊಳೆಗೆ ಮಲಿನ ವಸ್ತು ಸೇರಿಸುವುದನ್ನು ನಿಷೇಧಿಸುವ 24ನೇ ಪ್ರಕರಣವೇ, ಹಕ್ಕಿರುವವರು ಹೊಳೆಯ ತಳದಲ್ಲೋ ದಡದಲ್ಲೋ ಸೇತುವೆ ಕಟ್ಟುವುದು, ದುರಸ್ತಿ ಮಾಡುವುದು ಅಷ್ಟರಿಂದಲೇ ಅಪರಾಧವಾಗದು ಎಂದು ಹೇಳುತ್ತದೆ. ಸೇತುವೆ ಬೇಕೇ ಬೇಕು, ಹಾಗಾಗಿ ಈ ವಿನಾಯಿತಿ ಅರ್ಥವಾಗುವಂಥದ್ದು. ಆದರೆ ಕಟ್ಟುವ ಹಕ್ಕಿನ ಜೊತೆಗೆ ಕಟ್ಟುವಾಗಿನ ಎಚ್ಚರವನ್ನೂ ಅಲ್ಲೇ ವಿಧಿಸಿದ್ದರೆ ಎಷ್ಟೋ ಹಳ್ಳಗಳಿಗೆ ಉಪಕಾರವಾಗುತ್ತಿತ್ತು.

ಸರಿಯಾದ ಅಳತೆ ಯಾವುದೆಂಬುದು ವಿಜ್ಞಾನದ ಕಡೆಯಿಂದ ಸ್ಪಷ್ಟವಾಗುತ್ತಾ ಬಂತು. ಕೆನಡಾದ ನ್ಯೂಕೋಂಬ್ ಮತ್ತು ಮ್ಯಾಕ್‌ಡೊನಾಲ್ಡ್ 1991ರಲ್ಲಿ, ಕೆಸರಿನ ಸಾಂದ್ರತೆಯೊಂದನ್ನೇ ನೋಡಿದರೆ ಸಾಲದು, ಜಲಜೀವಿಗಳು ಅದರಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡಿದ್ದವು ಎಂಬುದನ್ನೂ ಸೇರಿಸಿಯೇ ಹಾನಿಯನ್ನು ಅಂದಾಜಿಸಬೇಕು ಎಂದು ವಾದಿಸಿದರು. ಆ ದೇಶದ ಮಾರ್ಗಸೂಚಿಯಲ್ಲಿ ಈ ತಿಳಿವಳಿಕೆ ಕಾಣುತ್ತದೆ: ಸಹಜ ಮಟ್ಟಕ್ಕಿಂತ ಲೀಟರಿಗೆ 25 ಮಿಲಿಗ್ರಾಂ ಹೆಚ್ಚಳವನ್ನು ಒಂದು ದಿನದ ಮಟ್ಟಿಗೆ ಸಹಿಸಬಹುದು, ಅದಕ್ಕೂ ದೀರ್ಘ ಅವಧಿಗೆ ಸರಾಸರಿ ಹೆಚ್ಚಳ 5 ಮೀರಬಾರದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ನಿಯಮ ಇನ್ನೂ ಹತ್ತಿರಕ್ಕೆ ಬರುತ್ತದೆ. ಅದರ ಸೂಕ್ಷ್ಮ ಹೊಳೆಗಳಲ್ಲಿ, ಕೆಲಸದ ಮೇಲ್ಭಾಗದ ನೀರು 50 ಎನ್‌ಟಿಯು ಒಳಗಿದ್ದರೆ ಕೆಳಭಾಗದಲ್ಲಿ ಅದಕ್ಕಿಂತ 5ರಷ್ಟು ಮಾತ್ರ ಹೆಚ್ಚಬಹುದು, ಮತ್ತು ತೀರಾ ಚಿಕ್ಕ ಹಳ್ಳಗಳಲ್ಲಿ ಅಳೆಯಬೇಕಾದ ಜಾಗ ಕೆಲಸದಿಂದ 100 ಅಡಿ ಕೆಳಗೆ. ಇಲ್ಲಿ ಎಕರೆಯ ಮಾತೇ ಇಲ್ಲ. ಮೇಲೊಂದು ಬಾಟಲಿ, ಕೆಳಗೊಂದು ಬಾಟಲಿ ನೀರು ಹಿಡಿದು ಹೋಲಿಸುವ ಈ ಕ್ರಮ ಯಾವ ಹಳ್ಳಕ್ಕೂ ಒಗ್ಗುತ್ತದೆ.

ಕೆಸರು ಕಣ್ಣಿಗೆ ಕಾಣುತ್ತದೆ. ಸಿಮೆಂಟಿನ ವಿಷ ಕಾಣುವುದಿಲ್ಲ. ಹಸಿ ಕಾಂಕ್ರೀಟಿನ ನೀರಿನಲ್ಲಿ ಕರಗಿದ ಸುಣ್ಣವಿರುತ್ತದೆ, ಅದರ ಪಿಎಚ್ 12ರ ಆಸುಪಾಸು. ಪಿಎಚ್‌ನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು ಆದ್ದರಿಂದ, 7ರ ತಟಸ್ಥ ನೀರಿಗಿಂತ ಅದು ಲಕ್ಷ ಪಟ್ಟು ಕ್ಷಾರೀಯ. 9 ದಾಟಿದಂತೆ ಮೀನುಗಳಿಗೆ ಕಷ್ಟ ಶುರುವಾಗುತ್ತದೆ, ನೀರಿನಲ್ಲಿ ಮೊದಲೇ ಇದ್ದ ಅಮೋನಿಯಾ ಕೂಡ ಹೆಚ್ಚು ವಿಷಕಾರಿ ರೂಪಕ್ಕೆ ತಿರುಗುತ್ತದೆ. ಅಪಾಯ ಹೆಚ್ಚಿರುವುದು ದೊಡ್ಡ ಸುರಿತದ ದಿನವಲ್ಲ, ಅದು ಮುಗಿದ ಸಂಜೆ: ಮಿಕ್ಸರ್ ಲಾರಿಯಿಂದ ಕಾಂಕ್ರೀಟ್ ಇಳಿಸುವ ಜಾರುದೋಣಿ, ಬಾಣಲಿ, ಕರಣೆ, ವೈಬ್ರೇಟರ್ ಎಲ್ಲವನ್ನೂ ಪಕ್ಕದಲ್ಲೇ ಹರಿಯುವ ನೀರಿನಲ್ಲಿ ತೊಳೆಯುವುದು ಎಲ್ಲಕ್ಕಿಂತ ಸುಲಭವಾಗಿ ತೋರುತ್ತದೆ. ದಡದಿಂದ ದೂರದಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿದ ಒಂದು ತೊಳೆಗುಂಡಿ ತೋಡಿದರೆ ಈ ಹಾನಿ ಪೂರ್ತಿ ತಪ್ಪುತ್ತದೆ. ಹೊಸ ಕಾಂಕ್ರೀಟನ್ನು ಅದು ಗಟ್ಟಿಯಾಗುವವರೆಗೆ ಹರಿಯುವ ನೀರು ಮುಟ್ಟದಂತೆ ಕಾಯುವುದೂ ಇಷ್ಟೇ ಮುಖ್ಯ.

ಕೆಡವುವ ಸೇತುವೆಯೂ ತನ್ನ ಕಾಲದ ರಸಾಯನಗಳನ್ನು ಹೊತ್ತಿರುತ್ತದೆ. ಹಳೆಯ ಉಕ್ಕಿನ ತೊಲೆಗಳ ಮೇಲೆ ಸೀಸದ ಕೆಂಪು ಬಣ್ಣವಿರುತ್ತದೆ. ಮರದ ಕಂಬಗಳಿಗೆ, ಜಾನ್ ಬೆಥೆಲ್ 1838ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಕ್ರಿಯೊಸೋಟ್ ಎಣ್ಣೆ ಊಡಿರುತ್ತದೆ, ಇಲ್ಲವೇ ಭಾರತದ ಸೊಂಟಿ ಕಾಮೇಶನ್ 1933ರಲ್ಲಿ ರೂಪಿಸಿದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣವನ್ನು ಹೊಡೆದಿರುತ್ತದೆ. ಮರವನ್ನು ಗೆದ್ದಲು ಮತ್ತು ಕೊಳೆತದಿಂದ ಉಳಿಸಿದ ಈ ಗುಣವೇ ಅದನ್ನು ನೀರಿನಲ್ಲಿ ಸೀಳುವಾಗ, ಗರಗಸದ ಪುಡಿ ಉದುರುವಾಗ ಅಪಾಯವಾಗುತ್ತದೆ. ಆದ್ದರಿಂದ ಕೆಡವುವ ಮೊದಲು ಕೆಳಗೊಂದು ಹಾಸು ಕಟ್ಟಿ ಚೂರುಗಳನ್ನು ಹಿಡಿಯುವುದು, ಹೂತ ಕಂಬಗಳನ್ನು ಎಳೆದು ತಳವನ್ನು ಕದಡುವ ಬದಲು ಸಾಧ್ಯವಿದ್ದಲ್ಲಿ ತಳಮಟ್ಟಕ್ಕೆ ಕತ್ತರಿಸುವುದು ರೂಢಿಗೆ ಬಂತು.

ದಶಕಗಳ ಅನುಭವದಿಂದ ಉಳಿದುಕೊಂಡ ಕ್ರಮಗಳಲ್ಲಿ ಮೊದಲನೆಯದು ನೀರನ್ನು ಕೆಲಸದಿಂದ ದೂರವಿಡುವುದು. ಮೇಲ್ಗಡೆ ಮರಳುಚೀಲಗಳ ಅಡ್ಡ ಕಟ್ಟಿ, ಹಳ್ಳದ ನೀರನ್ನು ಪೈಪಿನಲ್ಲೋ ಪಂಪಿನಲ್ಲೋ ಸುತ್ತುಬಳಸಿ ಕೆಳಗೆ ಬಿಟ್ಟು, ನಡುವಿನ ಜಾಗವನ್ನು ಒಣಗಿಸಿಕೊಂಡು ಕೆಲಸ ಮಾಡಬೇಕು. ಪಂಪಿನ ಬಾಯಿಗೆ ಮೀನು ಹೋಗದಂತೆ ಜಾಲರಿ ಬೇಕು, ಕೆಟ್ಟರೆ ಬದಲಿ ಪಂಪು ಬೇಕು, ನೀರು ಬೀಳುವಲ್ಲಿ ತಳ ಕೊರೆಯದಂತೆ ಕಲ್ಲು ಹಾಸಿರಬೇಕು. ಗುಂಡಿಯೊಳಗೆ ಒಸರುವ ಕೆಸರುನೀರನ್ನು ಮತ್ತೆ ಹಳ್ಳಕ್ಕೆ ಬಿಡದೆ, ದೂರದ ಹುಲ್ಲುನೆಲದ ಮೇಲೆ ಹರಡಿ ಇಂಗಿಸಬೇಕು. ಜೇಡಿ ಇಳಿಯಲು ದಿನಗಟ್ಟಲೆ ಬೇಕಾದ್ದರಿಂದ ಸಣ್ಣ ಹೊಂಡದಲ್ಲಿ ಒಂದು ಗಂಟೆ ನಿಲ್ಲಿಸಿ ಬಿಟ್ಟರೆ ಪ್ರಯೋಜನವಿಲ್ಲ. ಎಲ್ಲವನ್ನೂ ಚೆನ್ನಾಗಿ ಮಾಡಿದವರೂ ಎಡವುವುದು ಕೊನೆಯ ದಿನ, ಅಡ್ಡವನ್ನು ಒಮ್ಮೆಗೇ ಒಡೆದಾಗ. ಆಗ ತಿಂಗಳುಗಳ ಧೂಳು, ಸಡಿಲ ಮಣ್ಣು ಎಲ್ಲವೂ ಒಂದೇ ಅಲೆಯಲ್ಲಿ ಕೆಳಗಿಳಿಯುತ್ತದೆ. ಮೇಲಿನ ಅಡ್ಡವನ್ನು ಸ್ವಲ್ಪ ಸ್ವಲ್ಪವೇ ತೆರೆದು, ಹೊಸ ತಳವನ್ನು ತೊಳೆದ ಮೊದಲ ನೀರನ್ನು ತಿಳಿಯಾಗುವವರೆಗೆ ಪಂಪಿನಿಂದ ಎತ್ತಿ ಹುಲ್ಲಿಗೆ ಬಿಟ್ಟು, ಆಮೇಲೆ ಕೆಳಗಿನ ಅಡ್ಡವನ್ನು ತೆಗೆಯಬೇಕು.

ಹೂಳು ತಡೆಯುವ ಬಟ್ಟೆಬೇಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಇಳಿಜಾರಿನಲ್ಲಿ ಹಾಳೆಯಂತೆ ಹರಿದುಬರುವ ಮಳೆನೀರಿಗಾಗಿ ಇರುವಂಥದ್ದು. ಬುಡವನ್ನು ನೆಲದಲ್ಲಿ ಹೂತು, ದಡದ ಉದ್ದಕ್ಕೂ ನಿಲ್ಲಿಸಬೇಕು. ಹರಿಯುವ ಹಳ್ಳಕ್ಕೇ ಅಡ್ಡಲಾಗಿ ಅದನ್ನು ಕಟ್ಟಿದರೆ ಬಟ್ಟೆಯ ರಂಧ್ರಗಳು ಜೇಡಿಯಿಂದ ಮುಚ್ಚಿ, ಹಿಂದೆ ನೀರು ಏರಿ, ಬೇಲಿ ಮಗುಚಿ, ಹಿಡಿದಿಟ್ಟ ಹೂಳೆಲ್ಲ ಒಟ್ಟಿಗೇ ಹೊರಡುತ್ತದೆ.

ಸುರಕ್ಷತೆ ಮತ್ತು ನೀರಿನ ನಡುವೆ ಆಯ್ಕೆ ಮಾಡಬೇಕೆಂಬ ಭಾವನೆ ಹಲವು ಎಂಜಿನಿಯರುಗಳಲ್ಲಿದೆ. 1987ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹಾರಿ ಹಳ್ಳದ ಸೇತುವೆ, ಪ್ರವಾಹ ಅದರ ಅಡಿಪಾಯವನ್ನು ಕೊರೆದು ಕುಸಿದು 10 ಜನ ಸತ್ತ ಮೇಲೆ, ಅಡಿಪಾಯ ಆಳವಾಗಬೇಕು, ಸುತ್ತ ದೊಡ್ಡ ಕಲ್ಲುಗಳನ್ನು ಪೇರಿಸಬೇಕು ಎಂಬ ಒತ್ತಾಯ ಬಲವಾಯಿತು. ಅದರ ಅರ್ಥ ನೀರಿನಲ್ಲಿ ಇನ್ನಷ್ಟು ಅಗೆತ. ಆದರೆ ಅದೇ ಪಾಠದಿಂದ ಇನ್ನೊಂದು ದಾರಿಯೂ ತೆರೆಯಿತು: ಹೊಸ ಸೇತುವೆಯನ್ನು ಹಳೆಯದಕ್ಕಿಂತ ಉದ್ದ ಮಾಡಿ ದಡದ ಗೋಡೆಗಳನ್ನು ನೀರಿನಿಂದ ಹಿಂದಕ್ಕೆ ಸರಿಸಿದರೆ ಪ್ರವಾಹಕ್ಕೂ ಜಾಗ ಸಿಗುತ್ತದೆ, ಕಟ್ಟುವಾಗ ಹಳ್ಳಕ್ಕೆ ಇಳಿಯುವುದೂ ಕಡಿಮೆಯಾಗುತ್ತದೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಹಲಗೆಗಳನ್ನು ಕ್ರೇನಿನಿಂದ ಇಳಿಸಿದರೆ ಹಸಿ ಕಾಂಕ್ರೀಟಿನ ಕೆಲಸವೂ ಇಳಿಯುತ್ತದೆ. 2005ರಲ್ಲಿ ಓಹಿಯೊದ ಡಿಫಯನ್ಸ್ ಕೌಂಟಿಯ ಬೋಮನ್ ರಸ್ತೆಯಲ್ಲಿ, ಜಲ್ಲಿ ಮತ್ತು ನೇಯ್ದ ಪ್ಲಾಸ್ಟಿಕ್ ಬಟ್ಟೆಯನ್ನು ಪದರಪದರವಾಗಿ ಅಡಕಿ ದಡದ ಗೋಡೆ ಮಾಡಿ ಕಟ್ಟಿದ ಸೇತುವೆ ಕೆಲವೇ ವಾರಗಳಲ್ಲಿ ಮುಗಿಯಿತು. ನೆರೆಯ ಕೊರೆತ ಜೋರಾಗಿರುವ ಕಡೆ ಈ ವಿಧಾನಕ್ಕೆ ಹೆಚ್ಚಿನ ರಕ್ಷಣೆ ಬೇಕು. ಆದರೂ ಕೆಲಸದ ದಿನಗಳನ್ನು ಕಡಿಮೆ ಮಾಡುವುದೇ ನೀರಿಗೆ ಮಾಡುವ ದೊಡ್ಡ ಉಪಕಾರ ಎಂಬುದನ್ನು ಅದು ತೋರಿಸಿತು.

ಇಷ್ಟೆಲ್ಲ ತಿಳಿದ ಮೇಲೂ ಕೆಲಸ ಕೆಡುವುದು ಟೆಂಡರಿನ ಪುಟದಲ್ಲಿ. ನೀರಿನ ರಕ್ಷಣೆಯನ್ನು ಒಟ್ಟು ಮೊತ್ತದಲ್ಲೇ ಅಡಗಿದ ಕೆಲಸವೆಂದು ಬರೆದಾಗ, ಅದಕ್ಕೆ ಖರ್ಚು ಮಾಡದ ಗುತ್ತಿಗೆದಾರನಿಗೇ ಕಡಿಮೆ ದರ ಹೇಳಲು ಸಾಧ್ಯವಾಗುತ್ತದೆ, ಪ್ರಾಮಾಣಿಕನು ಹಿಂದೆ ಬೀಳುತ್ತಾನೆ. ಅಡ್ಡಕಟ್ಟೆಗೆ ಮೀಟರಿನ ಲೆಕ್ಕ, ಪಂಪಿಗೆ ದಿನದ ಲೆಕ್ಕ, ತೊಳೆಗುಂಡಿಗೆ ಸಂಖ್ಯೆಯ ಲೆಕ್ಕ ಎಂದು ಬೇರೆ ಬೇರೆ ಸಾಲುಗಳನ್ನು ಇಟ್ಟರೆ ಅವುಗಳನ್ನು ಮಾಡಿದವನಿಗೆ ಹಣ ಸಿಗುತ್ತದೆ, ಮಾಡದಿದ್ದರೆ ಬಿಲ್ಲಿನಲ್ಲಿ ಅದು ಎದ್ದು ಕಾಣುತ್ತದೆ. ಆ ಸಾಲುಗಳ ಜೊತೆ ಇನ್ನೊಂದು ಸೇರಬೇಕು: ದಿನಕ್ಕೆರಡು ಬಾರಿ ಮೇಲಿನ ಮತ್ತು ಕೆಳಗಿನ ನೀರಿನ ಬಗ್ಗಡವನ್ನೂ ಪಿಎಚ್ಅನ್ನೂ ಅಳೆದು ಬರೆದಿಡುವ, ಮಿತಿ ಮೀರಿದರೆ ಯಂತ್ರ ನಿಲ್ಲಿಸಲು ಲಿಖಿತ ಅಧಿಕಾರವಿರುವ, ಗುತ್ತಿಗೆದಾರನ ಸಂಬಳ ಪಡೆಯದ ಒಬ್ಬ ವ್ಯಕ್ತಿ.